ಉಗಾದಿಗೆ ಮುಂಚೆ ತೀರಿಸಿದ ಕಂತು

ಪಕೀರಪ್ಪನ ಮನೆಗೆ ಫ್ರಿಜ್ಜು ಬಂದದ್ದು ತಣ್ಣೀರು ಕುಡಿಯುವ ಆಸೆಗಲ್ಲ, ಮಗಳು ಈಶ್ವರಿಯ ನರ್ಸಿಂಗ್ ಓದಿಗೆ.

ಆಂಧ್ರ ಗಡಿಯ ಪೆದ್ದಕಡುಬೂರಿನ ಸರ್ಕಾರಿ ಆಫೀಸಿನಲ್ಲಿ ಅಟೆಂಡರಾಗಿದ್ದ ಪಕೀರಪ್ಪ ಹಿಂದೆ ಮನೆಗೆ ಸ್ಲ್ಯಾಬು ಹಾಕಿಸಲು ಸಾಲ ಮಾಡಿ ಕಟ್ಟಲಾಗದೆ ಒದ್ದಾಡಿದ್ದ. ವಸೂಲಿಯವರು ಆಫೀಸಿಗೇ ಬಂದು ಎಲ್ಲರ ಎದುರು ಮಾನ ಹರಾಜು ಹಾಕಿದ್ದರು. ಕೊನೆಗೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಿ, ಮೂರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಒಪ್ಪಿದಷ್ಟನ್ನು ತೀರಿಸಿದ. ಸಾಲ ಹೋಯಿತು, ಹೆದರಿಕೆ ಹೋಗಲಿಲ್ಲ.

ಈಶ್ವರಿಯ ಇಂಟರ್, ಎಂದರೆ ಪಿಯುಸಿ, ಮುಗಿಯಲು ಇನ್ನೊಂದು ವರ್ಷವಿದ್ದಾಗಲೇ ಅವನು ಓದಿನ ಸಾಲ ವಿಚಾರಿಸಲು ಆದೋನಿಯ ಬ್ಯಾಂಕಿಗೆ ಹೋದ. ಅಧಿಕಾರಿ ನಾಗಜ್ಯೋತಿ ಕಂಪ್ಯೂಟರು ನೋಡಿ ತಲೆಯಾಡಿಸಿದರು.

"ರಾಜಿ ಮಾಡ್ಕೊಂಡು ಕಮ್ಮಿ ತೀರಿಸಿದ್ದು ಇದ್ರಾಗ ಹಂಗಽ ಕುಂತೈತ್ರಿ. ನಿಮ್ಮ ಸಿಬಿಲ್ ಸ್ಕೋರು, ಸಾಲ ತೀರಿಸೋ ನಂಬಿಕಿಯ ಅಂಕ, ಭಾಳ ಕಮ್ಮಿ. ಕಂತಿನ ಮ್ಯಾಲ ಏನಾರ ಸಣ್ಣದು ತಗೋರಿ, ವರ್ಷಪೂರ್ತಿ ತಾರೀಖು ತಪ್ಪದಂಗ ಕಟ್ರಿ. ಆಮ್ಯಾಲ ನೋಡೋಣು."

ಸಾಲದಿಂದ ಕೆಟ್ಟವನಿಗೆ ಸಾಲವೇ ಮದ್ದಂತೆ! ಆದರೂ ಶ್ರಾವಣದಲ್ಲಿ ಅರ್ಧ ದುಡ್ಡು ಮೊದಲೇ ಕೊಟ್ಟು, ಉಳಿದದ್ದಕ್ಕೆ ಹನ್ನೆರಡು ಕಂತು ಬರೆಸಿ ಫ್ರಿಜ್ಜು ತಂದ. ಅದರ ಬಾಗಿಲನ್ನು ಪರರ ಪೆಟ್ಟಿಗೆ ತೆಗೆದಂತೆ ಮೆಲ್ಲಗೆ ತೆಗೆಯುತ್ತಿದ್ದ. ಪ್ರತಿ ತಿಂಗಳ ಐದರಂದು ಖಾತೆಯಿಂದ ಕಂತು ಹೋಗಬೇಕು. ಒಂದನೇ ತಾರೀಖಿನಿಂದಲೇ ಅವನಿಗೆ ಅನ್ನ ಸೇರುತ್ತಿರಲಿಲ್ಲ. ದುಡ್ಡು ಇದೆಯೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಫೋನು ತೆರೆದು ನೋಡುತ್ತಿದ್ದ. ಹೀಗೆ ಏಳು ಕಂತು ಹೋದವು.

ಹೆದರುವವರ ಮೇಲೆ ಹಾವು ಎಸೆದಂತೆ, ಉಗಾದಿಗೆ ಹತ್ತು ದಿನವಿರುವಾಗ ಬೈಕಿನ ಮೇಲೊಬ್ಬ ಬಂದು, "ಪಕೀರಪ್ಪನ ಮನಿ ಯಾವ್ದು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ವಸೂಲಿಯವನೇ ಎಂದು ಪಕೀರಪ್ಪ ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡ. ಬಂದವನು ಫ್ರಿಜ್ಜಿನ ಪುಕ್ಕಟೆ ಸರ್ವೀಸಿನವನೆಂದು ಹೆಂಡತಿ ಶಂಕರಮ್ಮ ಹೊರಗಿನಿಂದ ಎಷ್ಟು ಹೇಳಿದರೂ, ಆತ ಚಹಾ ಕುಡಿದು ಹೋಗುವವರೆಗೆ ಪಕೀರಪ್ಪ ಬಾಗಿಲು ತೆಗೆಯಲಿಲ್ಲ.

ಹೊರಗೆ ಬಂದ ಗಂಡನ ಮುಖ ನೋಡಿ ಶಂಕರಮ್ಮ ಒಳಗೆ ಹೋದಳು. ತನ್ನ ಬೆಳ್ಳಿ ಡಾಬು ತಂದು ಮುಂದಿಟ್ಟಳು.

"ಇದನ್ನ ಮಾರಿ ಒಮ್ಮಿಗೇ ಕಟ್ಟಿಬಿಡು. ಉಗಾದಿ ದಾಟಿ ಸಾಲ ಹೋಗಬಾರದು ಅಂತಿದ್ಲು ನಮ್ಮವ್ವ. ನೀ ಹಿಂಗ ಸಾಯೋದು ನನ್ನ ಕೈಲೆ ನೋಡಾಕಾಗಲ್ಲ."

ಪಕೀರಪ್ಪ ಡಾಬು ಮಾರಿ ಉಳಿದ ಐದು ಕಂತನ್ನೂ ಒಂದೇ ಏಟಿಗೆ ಕಟ್ಟಿದ. ಆ ಉಗಾದಿಗೆ ಹೋಳಿಗೆ ಹೊಟ್ಟೆ ತುಂಬ ಉಂಡ.

ಇಂಟರ್ ಫಲಿತಾಂಶ ಬಂದ ಮೇಲೆ ಈಶ್ವರಿಯನ್ನೂ ಕರೆದುಕೊಂಡು, ಎದೆಯುಬ್ಬಿಸಿ ಬ್ಯಾಂಕಿಗೆ ಹೋದ. "ಮೇಡಮ್ಮಾರಾ, ಐದು ತಿಂಗ್ಳ ಮೊದ್ಲಽ ತೀರಿಸೀನ್ರಿ!"

ನಾಗಜ್ಯೋತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಯ್ಯೋ, ಯಾಕ್ರಿ ಮುಗಿಸಿದ್ರಿ? ತಿಂಗ್ಳ ತಿಂಗ್ಳ ಕಟ್ಟತೀರಿ ಅನ್ನೋದು ವರ್ಷಪೂರ್ತಿ ಕಾಣಬೇಕಿತ್ತು. ಶ್ರಾವಣದಾಗ ಹನ್ನೆರಡೂ ಮುಗಿದಿದ್ರ ನರ್ಸಿಂಗ್ ಸೇರೋ ಹೊತ್ತಿಗೆ ಕೊಡಬಹುದಿತ್ತು. ಸ್ಕೋರು ಏರೈತಿ, ನಮಗ ಬೇಕಾದಷ್ಟು ಏರಿಲ್ಲ. ಈ ವರ್ಷ ಆಗಲ್ಲ. ಇನ್ನೊಂದು ಸಣ್ಣ ಸಾಲ ಕೊಡತೀನಿ, ಮತ್ತ ಹನ್ನೆರಡು ಕಂತು."

ಪಕೀರಪ್ಪ ಮಗಳತ್ತ ನೋಡಿದ. ತನ್ನ ಹೆದರಿಕೆಯೇ ಮಗಳ ಒಂದು ವರ್ಷವನ್ನು ತಿಂದುಹಾಕಿತಲ್ಲ! ಮತ್ತೆ ಆ ಐದನೇ ತಾರೀಖು, ಮತ್ತೆ ಆ ಬೈಕಿನ ಸದ್ದು. ಆದರೂ ಹೊಸ ಸಾಲದ ಕಾಗದಕ್ಕೆ ಸಹಿ ಹಾಕಿದ.

ಬ್ಯಾಂಕಿನ ಮೆಟ್ಟಿಲ ಮೇಲೆ ಈಶ್ವರಿ ಅವನನ್ನು ತಡೆದು ನಿಲ್ಲಿಸಿದಳು. ಅವಳ ಕಣ್ಣು ತುಂಬಿತ್ತು.

"ಅಪ್ಪಾ, ನಿನಗ ಕೈಮುಗಿತೀನಿ. ಈ ಸಲ ಬಡಾನ, ತಾರೀಖಿಗೆ ಮೊದ್ಲಽ, ಕಟ್ಟಿ ಮುಗಿಸಬ್ಯಾಡ."

ಸಾಲ ಕಟ್ಟು ಎಂದು ಕಾಡಿದವರನ್ನು ಪಕೀರಪ್ಪ ಬೇಕಾದಷ್ಟು ಕಂಡಿದ್ದ. ಕಟ್ಟಬೇಡ ಎಂದು ಕೈಮುಗಿದವರನ್ನು ಕಂಡದ್ದು ಅದೇ ಮೊದಲು.

"ಆತವ್ವಾ," ಎಂದ. ಹಾಗೆನ್ನುತ್ತಲೇ ಫೋನು ತೆರೆದು ಖಾತೆಯಲ್ಲಿ ದುಡ್ಡು ಇದೆಯೋ ಇಲ್ಲವೋ ನೋಡಿದ.