ಎಡಗೈಯ ಅಚ್ಚು

ನನ್ನ ಗಂಡ ಹಲ್ಲುಸೆಟ್ಟು ಮಾಡುವವರು. ಡಾಕ್ಟರು ಬಾಯಿಯ ಅಳತೆ ಕಳಿಸುತ್ತಾರೆ; ಇವರು ಹಿಂದಿನ ಕೋಣೆಯಲ್ಲಿ ಕೂತು ಮೇಣ ಕಾಯಿಸಿ, ಅಚ್ಚು ತೆಗೆದು, ಗುಲಾಬಿ ಬಣ್ಣದ ವಸಡು ಎರೆಯುತ್ತಾರೆ. ವರ್ಷ ಕಳೆದ ಮೇಲೆ ಯಾರಾದರೂ ಬಂದು "ಸೆಟ್ಟು ಕೂರ್ತಿಲ್ಲ, ಅಳತೆ ತಪ್ಪಿದ್ದೀರಿ" ಎಂದು ಜಗಳ ತೆಗೆದರೆ ಇವರದ್ದು ಒಂದೇ ಉತ್ತರ: "ಅಳತೆ ಸರಿಯಾಗೇ ಇದೆ, ಬದಲಾಗಿದ್ದು ವಸಡು." ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ.

ನಾನು ಹೊಲಿಗೆಯವಳು. ಲಕ್ವ ಹೊಡೆದು ಎಡಗೈ ಬೆರಳುಗಳು ಅರ್ಧ ಮಡಚಿಕೊಂಡು ನಿಂತ ಮೇಲೆ ನನ್ನ ಮಿಷನ್ನಿಗೆ ಹೊದಿಕೆ ಬಿತ್ತು. ಚಕ್ರ ತಿರುಗಿಸಲು ಬಲಗೈ ಸಾಕು, ಆದರೆ ಸೂಜಿಯಡಿಗೆ ಬಟ್ಟೆಯನ್ನು ಹದವಾಗಿ ಬಿಡಬೇಕಾದದ್ದು ಎಡಗೈ. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ "ಬೆರಳಿಗೆ ಕೆಲಸ ಕೊಡಿ, ಬಿಚ್ಚಿಕೊಳ್ಳುತ್ತವೆ" ಎಂದು ರಬ್ಬರ್ ಚೆಂಡು ಕೊಟ್ಟರು. ಕಿಟಕಿಯಾಚೆ ಎಸೆದೆ. ನಾನೇನು ಕೂಸೇ?

ಆಗ ನಾದಿನಿ ಒಂದು ತಿರುಗಿಸುವ ಒಗಟು ತಂದಳು. ಮಕ್ಕಳು ಬಣ್ಣ ಹೊಂದಿಸುತ್ತಾರಲ್ಲ, ಆ ಕ್ಯೂಬಿನ ಜಾತಿಯದೇ. ಆದರೆ ಇದು ಮೈಯೆಲ್ಲ ಒಂದೇ ಬೆಳ್ಳಿ ಬಣ್ಣ, ತುಂಡುಗಳು ಮಾತ್ರ ಒಂದೊಂದು ದಪ್ಪ. ನಾಲ್ಕು ಸಲ ತಿರುಗಿಸಿದರೆ ಚೌಕದ ಆಕಾರವೇ ಹೋಗಿ, ಅವಸರದಲ್ಲಿ ಪೇರಿಸಿಟ್ಟ ಡಬ್ಬಿಗಳ ಹಾಗೆ ಎಲ್ಲೆಂದರಲ್ಲಿ ಚಾಚಿಕೊಳ್ಳುತ್ತದೆ.

"ಅತ್ತಿಗೆ, ಅಣ್ಣನ ಮೇಲೆ ರೇಗೋ ಬದಲು ಇದರ ಮೇಲೆ ರೇಗಿ."

"ನಿಮ್ಮಣ್ಣ ಪುಕ್ಕಟೆ ಸಿಗ್ತಾರಲ್ಲ, ಇದಕ್ಕೆ ಯಾಕೆ ದುಡ್ಡು ಸುರಿದೆ?" ಎಂದೆ.

ಎಡಗೈಗೆ ಅದು ಹಿಡಿತಕ್ಕೇ ಸಿಗಲಿಲ್ಲ. ನೋಡುತ್ತಿದ್ದ ಗಂಡ ಅದನ್ನು ಒಯ್ದು, ಹಿಡಿತ ಸಿಗಲೆಂದು ತುಂಡು ತುಂಡಿಗೂ ವಸಡಿನ ಗುಲಾಬಿ ಲೇಪ ಕೊಟ್ಟು ತಂದರು. ಥಳಥಳ ಹೊಳೆಯುತ್ತಿತ್ತು. ಹಿಡಿದೆನೋ ಇಲ್ಲವೋ, ಜಾರಿ ಕಾಲ ಮೇಲೆ ಬಿತ್ತು.

"ರೀ, ಯಾರ ಬಾಯೊಳಗೆ ಇಡೋಕೆ ಇಷ್ಟು ಪಾಲಿಶ್ ಮಾಡಿದ್ದೀರಿ?"

ಪಾಪ, ಮುಖ ಸಣ್ಣದಾಯಿತು. "ಕೈ ಅಭ್ಯಾಸ ಕಣೇ. ನುಣುಪು ಮಾಡದೆ ಯಾವುದನ್ನೂ ಕೆಳಗಿಟ್ಟು ಗೊತ್ತಿಲ್ಲ."

ಮತ್ತೆ ಒಳಗೆ ಒಯ್ದು ತಂದಾಗ ಒಗಟಿನ ಸುತ್ತ ಬೆಚ್ಚಗಿನ ಮೇಣ ಮೆತ್ತಿತ್ತು. "ಹಲ್ಲಿನ ಅಳತೆಗೆ ಡಾಕ್ಟರು ಮೇಣ ಕಚ್ಚಿ ಅಂತಾರಲ್ಲ, ಹಾಗೆ ಎಡಗೈಲಿ ಒತ್ತು. ಎಷ್ಟು ಬರತ್ತೋ ಅಷ್ಟೇ." ಒತ್ತಿದೆ. ಸೊಟ್ಟ ಬೆರಳುಗಳ ಗುಳಿ ಮೇಣದಲ್ಲಿ ಮೂಡಿದ್ದನ್ನು ನೋಡಿ ನಾಚಿಕೆಯಾಯಿತು. ಅವರು ಅದೇ ಗುಳಿಗಳನ್ನು ಒಗಟಿನ ಒಂದೊಂದು ತುಂಡಿನ ಮೇಲೂ ವಸಡಿನ ಗುಲಾಬಿಯಲ್ಲಿ ಎರಕ ಹೊಯ್ದರು. ಈ ಸಲ ಪಾಲಿಶ್ ಮಾಡಲಿಲ್ಲ. ಅದಕ್ಕೆ ಎಷ್ಟು ಒದ್ದಾಡಿದರೋ! ಆಮೇಲೆ ನನ್ನ ಕಣ್ಣೆದುರೇ ಎಲ್ಲವನ್ನೂ ತಿರುಗಿಸಿ ಕೆಡಿಸಿಬಿಟ್ಟರು.

ಅಬ್ಬಾ! ಹೆಬ್ಬೆರಳಿನ ಗುಳಿ ಅರ್ಧ ಮೇಲೆ, ಅರ್ಧ ಕೆಳಗೆ. ಕಿರುಬೆರಳು ಎಲ್ಲೋ ಬೆನ್ನ ಹಿಂದೆ. ನನ್ನದೇ ಹಿಡಿತ ಚೂರುಚೂರಾಗಿ ಆ ಗುಲಾಬಿ ಗುಡ್ಡೆಯೊಳಗೆ ಅಡಗಿ ಕೂತಿತ್ತು.

ಹೇಗೆ ತಿರುಗಿಸಬೇಕೆಂದು ನಾದಿನಿ ಹೇಳಿಕೊಟ್ಟಳು. ಆದರೆ ಎಲ್ಲ ಒಂದೇ ಬಣ್ಣವಾದ್ದರಿಂದ ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಡಗೈಯೇ ತಡವಿ ತಡವಿ ತನ್ನ ಗುರುತು ಹುಡುಕಬೇಕು. ಸಿಟ್ಟು ನೆತ್ತಿಗೇರಿದಾಗ ಹಾಸಿಗೆ ಮೇಲೆ ಎಸೆಯುತ್ತಿದ್ದೆ. ಕಿಟಕಿಯಾಚೆ ಎಸೆಯಲು ಮನಸ್ಸು ಬರಲಿಲ್ಲ, ಎಷ್ಟಾದರೂ ಅದು ನನ್ನ ಕೈ. ಒಂದು ದಿನ ಕಿರುಬೆರಳಿನ ಗುಳಿ ಒಂದು ತುಂಡಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯಿತು. ಮೈ ಜುಂ ಎಂದಿತು.

ತಿಂಗಳುಗಳೇ ಹಿಡಿದವು. ಕೊನೆಗೊಂದು ಬೆಳಿಗ್ಗೆ ಕಟಕ್ ಎಂದು ಕಡೆಯ ಸಾಲು ಕೂತಿತು. ಐದೂ ಗುಳಿಗಳು ಇಡಿಯಾಗಿ ಎದುರಿಗಿದ್ದವು. ಕುಣಿಯುವಷ್ಟು ಖುಷಿಯಲ್ಲಿ ಎಡಗೈ ಇಟ್ಟೆ. ಕೂರಲಿಲ್ಲ! ಎಲ್ಲ ಬೆರಳೂ ಗುಳಿ ದಾಟಿ ಆಚೆ ಹೋಗುತ್ತಿದ್ದವು. ಇಷ್ಟು ದಿನದ ಪಾಡು ಇದಕ್ಕಾ?

"ರೀ, ಬನ್ನಿ ಇಲ್ಲಿ! ಅಳತೆ ತಪ್ಪಿದ್ದೀರಿ!"

ಮೇಣದ ಚಾಕು ಹಿಡಿದೇ ಓಡಿ ಬಂದರು. ಬಗ್ಗಿ ಗುಳಿ ನೋಡಿದರು, ಬೆರಳು ನೋಡಿದರು, ಮತ್ತೆ ಗುಳಿ ನೋಡಿದರು.

"ಅಳತೆ ಸರಿಯಾಗೇ ಇದೆ ಕಣೇ..." ಎಂದವರು ಚಾಕು ಕೆಳಗಿಟ್ಟು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

ಆಗ ನೋಡಿಕೊಂಡೆ. ಆ ಒಗಟಿನ ಮೇಲೆ ನನ್ನ ಎಡಗೈ ಅಗಲವಾಗಿ ಬಿಚ್ಚಿಕೊಂಡು ಮಲಗಿತ್ತು. ಯಾವಾಗ ಬಿಚ್ಚಿತೋ ನನಗೇ ತಿಳಿದಿರಲಿಲ್ಲ. ಇಷ್ಟು ಬಾಯಿಬಡುಕಿಯಾದ ನಾನು ಅತ್ತೇಬಿಟ್ಟೆ.

"ಇರು, ಮೇಣ ಕಾಯಿಸ್ತೀನಿ. ಹೊಸ ಅಚ್ಚು ತಗೊಳ್ಳೋಣ," ಎಂದರು ಅವರು.

"ಅದಿರಲಿ, ಮೊದಲು ಮಿಷನ್ನಿನ ಹೊದಿಕೆ ತೆಗೀರಿ," ಎಂದೆ.