ಅಡುಗೆಮನೆ ಬಾಗಿಲಿನ ಹೆಸರು

"ಇದ್ರಲ್ಲಿ ಎಷ್ಟಿದ್ಯೋ ಅಷ್ಟೇ ಹಾಕು. ಒಂದಕ್ಷರ ಹೆಚ್ಚೂ ಬೇಡ, ಕಮ್ಮೀನೂ ಬೇಡ," ಎನ್ನುತ್ತ ಸುಧೀಶ್ ಮಡಚಿದ ಚೀಟಿಯನ್ನು ಜೆಸ್ಸಿಯ ಕೈಗೆ ತುರುಕಿದ.

ಪತ್ರಿಕೆಯ ವರದಿಗಾರ್ತಿ ಜೆಸ್ಸಿ ಸಾವಿನ ಮನೆಯ ಶಾಮಿಯಾನದ ನೆರಳಲ್ಲಿ ನಿಂತು ಓದಿದಳು. "ಪುಳಿಕ್ಕಲ್: ‘ಉದಯಧ್ವನಿ’ ಪತ್ರಿಕೆಯ ಹಿರಿಯ ಸ್ಥಳೀಯ ವರದಿಗಾರ ಟಿ. ಕೆ. ಪೀತಾಂಬರನ್ (74) ನಿಧನರಾದರು. ಅಂತ್ಯಕ್ರಿಯೆ ನಡೆಯಿತು. ಪತ್ನಿ: ದಿವಂಗತ ತಂಗಮಣಿ. ಮಗ: ಸುಧೀಶ್. ಸೊಸೆ: ನಿಷಾ." ಪೀತಾಂಬರನ್ ಇನ್ನೂ ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದರು, ತಲೆಯ ಹತ್ತಿರ ತೆಂಗಿನ ಹೋಳಿನ ದೀಪ ಉರಿಯುತ್ತಿತ್ತು. ನಾಳೆಯ ಪತ್ರಿಕೆಯ ಲೆಕ್ಕದಲ್ಲಿ ಮಾತ್ರ ಅವರನ್ನು ಆಗಲೇ ಸುಟ್ಟಾಗಿತ್ತು. ಈ ಕಸುಬಿನಲ್ಲಿ ಅದೇನೂ ಹೊಸದಲ್ಲ.

"ಮಗಳು?" ಎಂದಳು ಜೆಸ್ಸಿ.

"ಯಾವ ಮಗಳು?"

"ಲತಿಕೇಚಿ." ಲತಿಕಳನ್ನು ಜೆಸ್ಸಿ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು.

ಸುಧೀಶ್ ಸುತ್ತ ನೋಡಿದ. ಕುರ್ಚಿಗಳಲ್ಲಿ ಅವನ ಕಡೆಯವರೇ ಇದ್ದರು, ಬಿಳಿ ಷರಟು ಬಿಳಿ ಪಂಚೆಯ ಬಿಲ್ಡರುಗಳು. ದನಿ ತಗ್ಗಿಸಿದ. "ಜೆಸ್ಸಿ, ನಿಂಗೆ ಅಪ್ಪನ ಮೇಲೆ ಪ್ರೀತಿ ಅಂತ ನಂಗೊತ್ತು. ಅದಕ್ಕೇ ನಿಂಗೆ ಕೊಟ್ಟಿರೋದು. ನಿಮ್ಮ ಮ್ಯಾನೇಜರ್ ಸಾಯಂಕಾಲ ಇಲ್ಲಿಗೇ ಬರ್ತಾರೆ. ಮುಂದಿನ ತಿಂಗಳು ನಿನ್ನ ಗುತ್ತಿಗೆ ಮುಗಿಯುತ್ತಲ್ಲ? ಅವರ ಹತ್ರ ನಾನೇ ಒಂದು ಮಾತು ಹೇಳ್ತೀನಿ."

ಒಳ್ಳೆಯ ಮಾತೋ ಕೆಟ್ಟ ಮಾತೋ ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ‘ಉದಯಧ್ವನಿ’ಯ ಕೊಚ್ಚಿ ಪುಟಗಳಲ್ಲಿ ಅವನ ಫ್ಲಾಟುಗಳ ಜಾಹೀರಾತಿಲ್ಲದ ಭಾನುವಾರ ಬಂದು ಎಷ್ಟೋ ವರ್ಷವಾಗಿತ್ತು.

"ಪೇಜ್ ಎಷ್ಟೊತ್ತಿಗೆ ಕ್ಲೋಸು?"

"ಐದಕ್ಕೆ."

"ನಾವು ಅಪ್ಪನ್ನ ನಾಲ್ಕಕ್ಕೆ ಎತ್ತುತ್ತೀವಿ. ಅದರೊಳಗೆ ಕಳಿಸಿ ನಂಗೆ ತೋರ್ಸು," ಎಂದು ಅವನು ಹೊಸದಾಗಿ ಬಂದ ಹೂವಿನ ಚಕ್ರದ ಕಡೆ ಹೋದ.

ರಸ್ತೆಯಾಚೆ, ಮೆಟ್ರೋ ಕಂಬದ ಬುಡದಲ್ಲಿ ವರೀದನ ಚಹಾದಂಗಡಿ. ಪುಳಿಕ್ಕಲ್‌ನಲ್ಲಿ ಏನೆಲ್ಲ ಬದಲಾದರೂ ಅದೊಂದು ಉಳಿದಿತ್ತು, ಕಂಬ ಹಾಕುವಾಗ ಎರಡಡಿ ಹಿಂದೆ ಸರಿದಿತ್ತಷ್ಟೆ. ವರೀದ ಹೇಳದೆಯೇ ಅವಳಿಗೆ ಕಟ್ಟನ್ ಚಹಾ ಕೊಟ್ಟ. ಹಾಲು ಹಾಕದ ಆ ಚಹಾ ಪೀತಾಂಬರನ್ ಅವರಿಂದ ಅವಳಿಗೆ ಅಂಟಿದ ಚಾಳಿ.

"ಫ್ಲೆಕ್ಸ್ ನೋಡಿದ್ಯಾ?" ಎಂದ ವರೀದ. ಗೇಟಿನ ಮೇಲೆ ಆಳೆತ್ತರದ ಪೀತಾಂಬರನ್ ನಗುತ್ತಿದ್ದರು, ಕೆಳಗೆ ಸುಧೀಶನ ಕಂಪನಿಯ ಹೆಸರು. "ಅಪ್ಪನ ಸಾವಾ, ಗೃಹಪ್ರವೇಶವಾ, ಒಂದೂ ಗೊತ್ತಾಗಲ್ಲ."

"ಲತಿಕೇಚಿಗೆ ಯಾರು ತಿಳಿಸಿದ್ರು, ವರೀದೇಟ್ಟ?" ಎಂದಳು ಜೆಸ್ಸಿ. ಬೀದಿಗೆಲ್ಲ ಅವನು ಏಟ್ಟ, ಅಣ್ಣ.

"ನಾನೇ. ಬೆಳಿಗ್ಗೆ ಆರಕ್ಕೇ ಫೋನ್ ಮಾಡ್ದೆ. ಕೋಝಿಕ್ಕೋಡಿಂದ ರೈಲು ಹತ್ತಿದಾಳೆ." ಅವನು ಲೋಟ ತೊಳೆಯುತ್ತ ತಲೆಯೆತ್ತಲಿಲ್ಲ. "ಹೋದ ಸಲ, ಅವಳಮ್ಮ ಸತ್ತಾಗ, ಯಾರೂ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಾನೂ ಈ ಬೀದಿಯವನೇ ತಾನೆ, ಹೆದರಿದ್ದೆ."

*

ಹದಿನೈದು ವರ್ಷದ ಹಿಂದೆ ಜೆಸ್ಸಿ ಕೆಲಸಕ್ಕೆ ಸೇರಿದಾಗ ಪೀತಾಂಬರನ್ ಅವಳನ್ನು ಮೊದಲು ಕರೆದೊಯ್ದದ್ದು ಒಂದು ಸಾವಿನ ಮನೆಗೆ. ಮುಖ್ಯಮಂತ್ರಿಯ ಭಾಷಣ ಯಾರು ಬೇಕಾದರೂ ಬರೆಯುತ್ತಾರೆ, ನಿಧನವಾರ್ತೆ ತಪ್ಪಿಲ್ಲದೆ ಬರೆಯಲು ವರದಿಗಾರನೇ ಬೇಕು ಎಂಬುದು ಅವರ ನಂಬಿಕೆ. ಜನ ಪತ್ರಿಕೆಯನ್ನು ಹಿಂದಿನಿಂದ ಬಿಚ್ಚುವುದೇ ಆ ಪುಟಕ್ಕಾಗಿ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಅಂದು ಜೆಸ್ಸಿ ಜಗಲಿಯಲ್ಲಿ ಕೂತು ಹೆಸರು, ವಯಸ್ಸು, ಮಕ್ಕಳು, ಅಳಿಯಂದಿರು, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು ಎದ್ದಿದ್ದಳು.

"ಮುಗೀತಾ?" ಎಂದರು ಪೀತಾಂಬರನ್.

"ಮುಗೀತು."

"ಅಡುಗೆಮನೆ ಬಾಗಿಲಿಗೆ ಹೋಗಿದ್ಯಾ?"

"ಯಾಕೆ?"

"ಹೋಗು. ಅಲ್ಲಿ ಒಂದು ಮುದುಕಿ ಇರ್ತಾಳೆ, ಎಲ್ಲಾ ಮನೇಲೂ ಇರ್ತಾಳೆ. ಯಾರ ಹೆಸರು ಬಿಟ್ರು ಅಂತ ಕೇಳು."

ಹೋಗಿ ಕೇಳಿದಳು. ಮೀನು ಬುಟ್ಟಿಯ ಪಕ್ಕ ಕೂತಿದ್ದ ಮುದುಕಿ ಸುತ್ತ ನೋಡಿ, ಸತ್ತವನ ಮೊದಲ ಹೆಂಡತಿಯ ಮಗನ ಹೆಸರು ಹೇಳಿದಳು. ಮರುದಿನ ಆ ಹೆಸರು ಅಚ್ಚಾಯಿತು. ಮನೆಯವರು ಕಚೇರಿಗೆ ಬಂದು ಮೇಜು ಗುದ್ದಿದರು. ಪೀತಾಂಬರನ್ ಚಹಾ ತರಿಸಿಕೊಟ್ಟು, "ಸತ್ತೋನಿಗೆ ಎಷ್ಟು ಮಕ್ಕಳು ಅನ್ನೋದು ಸತ್ತೋನ ವಿಷಯ, ಉಳಿದೋರದ್ದಲ್ಲ," ಎಂದು ಕಳಿಸಿದರು.

*

ಮೂರು ಗಂಟೆಯ ಹೊತ್ತಿಗೆ ಜೆಸ್ಸಿಗೆ ತಡೆಯಲಾಗಲಿಲ್ಲ. ಮನೆಯ ಪಕ್ಕದ ಓಣಿಯಲ್ಲಿ ನಡೆದು ಹಿತ್ತಲಿಗೆ ಬಂದಳು. ಹಿತ್ತಲೆಂದರೆ ಈಗ ನಾಲ್ಕಡಿ ಸಿಮೆಂಟು, ಅದರಾಚೆ ಸುಧೀಶನ ಹನ್ನೊಂದಂತಸ್ತಿನ ಕಟ್ಟಡ. ಆ ಕಟ್ಟಡದ ಅಡಿಯಲ್ಲೇ ಒಂದು ಕಾಲದಲ್ಲಿ ಪುಳಿಕ್ಕಲ್ ತೋಡು, ಊರಿನ ಹಳ್ಳ, ಹರಿಯುತ್ತಿತ್ತು.

ಅಡುಗೆಮನೆಯ ಮೆಟ್ಟಿಲ ಮೇಲೆ ಲತಿಕ ಕೂತಿದ್ದಳು. ಕೈಚೀಲ ಇನ್ನೂ ಹೆಗಲಲ್ಲಿತ್ತು. ತಲೆಗೂದಲು ಅರ್ಧ ನೆರೆದಿತ್ತು.

"ಮುಂದಿನಿಂದ ಬರಬಹುದಿತ್ತಲ್ಲ, ಚೇಚಿ."

"ಬಂದೆ. ಅಪ್ಪನ ಮುಖ ನೋಡ್ದೆ. ಯಾರು ಕರೆದ್ರು ಅಂತ ಸುಧಿ ಕೇಳಿದ." ಲತಿಕ ಒಣನಗು ನಕ್ಕಳು. "ಪೇಪರ್ ನೋಡಿ ಬರೋದು ನನ್ನ ಅಭ್ಯಾಸ, ಈ ಸಲ ಒಂದಿನ ಮುಂಚೆ ಬಂದುಬಿಟ್ಟೆ ಅಂದೆ. ಮುಖ ತಿರುಗಿಸಿ ಹೋದ."

ಜೆಸ್ಸಿ ಚೀಟಿಯನ್ನು ತೋರಿಸಿದಳು. ಲತಿಕ ಅದನ್ನು ಎರಡು ಸಲ ಓದಿ ಹಿಂದಕ್ಕೆ ಕೊಟ್ಟಳು.

"ಸರಿಯಾಗೇ ಇದೆ. ಹಾಕು."

"ಚೇಚಿ, ನಿಮ್ಮ ಹೆಸರಿಲ್ಲದೆ ನಾನು ಹಾಕಲ್ಲ."

"ಯಾಕೆ ಹಾಕಲ್ಲ? ಅಮ್ಮನದ್ದು ಹಾಕಲಿಲ್ವಾ?" ಅವಳ ದನಿ ಒಮ್ಮೆಲೇ ಏರಿತು. ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಗಸು ನಲ್ಲಿ ನಿಲ್ಲಿಸಿದಳು. "ಆಫೀಸಲ್ಲಿ ಊಟಕ್ಕೆ ಕೂತಿದ್ದೆ, ಜೆಸ್ಸಿ. ಬುತ್ತಿ ಕೆಳಗೆ ಹಾಸೋಕೆ ಅಂತ ಪೇಪರ್ ಬಿಚ್ಚಿದೆ. ಅಮ್ಮ ಇದ್ಳು. ಫೋಟೋ, ವಯಸ್ಸು, ಎಲ್ಲಾ ಸರಿಯಾಗಿತ್ತು. ಮಗ: ಸುಧೀಶ್. ನಾನು ಯಾರ ಹೊಟ್ಟೇಲಿ ಹುಟ್ಟಿದೆ ಅಂತ ಒಂದು ಗಳಿಗೆ ನಂಗೇ ಅನುಮಾನ ಬಂತು. ಅದರಲ್ಲಿಲ್ಲದ ಹೆಸರು ಇದರಲ್ಲಿ ಯಾಕೆ? ಅಮ್ಮನಿಗೆ ಮಗಳಾಗದೋಳು ಅಪ್ಪನಿಗೆ ಮಾತ್ರ ಮಗಳಾಗಲ್ಲ. ಬೇಡ."

*

ಹನ್ನೊಂದು ವರ್ಷದ ಹಿಂದಿನ ಮಾತು. ಲತಿಕ ಆಗ ನಕ್ಷೆಗಳಿಗೆ ಅನುಮತಿ ಕೊಡುವ ಕಚೇರಿಯಲ್ಲಿ ಗುಮಾಸ್ತೆ. ಸುಧೀಶ್ ಮತ್ತು ಅವನ ಪಾಲುದಾರ ತೋಡನ್ನು ಮಣ್ಣು ಸುರಿದು ಮುಚ್ಚುತ್ತಿದ್ದರು, ನಕ್ಷೆಯಲ್ಲಿ ತೋಡೇ ಇರಲಿಲ್ಲ. ಹಳೆಯ ನಕ್ಷೆಯ ಪ್ರತಿಯನ್ನು ಲತಿಕ ಅಪ್ಪನಿಗೆ ತಂದುಕೊಟ್ಟಳು. ಪೀತಾಂಬರನ್ ಮೂರು ದಿನ ಊಟ ಬಿಟ್ಟು ಕೂತು, ನಾಲ್ಕನೆಯ ದಿನ ಬರೆದರು. ಸ್ವಂತ ಮಗನ ವಿರುದ್ಧ ಬರೆದ ವರದಿಯಲ್ಲಿ ಮಗನ ಹೆಸರಿತ್ತು, ನಕ್ಷೆ ಕೊಟ್ಟವಳ ಹೆಸರಿರಲಿಲ್ಲ. ಸುಧೀಶ್ ಎರಡು ದಿನ ಲಾಕಪ್ಪಿನಲ್ಲಿದ್ದ. ನಕ್ಷೆ ಕೊಟ್ಟವರು ಯಾರೆಂದು ಅವನಿಗೆ ತಿಳಿಯಲು ಮತ್ತೂ ಎರಡು ದಿನ ಸಾಕಾಯಿತು. ಲತಿಕಳಿಗೆ ಕೋಝಿಕ್ಕೋಡಿಗೆ ವರ್ಗವಾಯಿತು. ತಿಂಗಳೊಳಗೆ ತಂಗಮಣಿಗೆ ಲಕ್ವ ಹೊಡೆಯಿತು, ಜನವರಿ ಎಂಟರಂದು ಹೋಗಿಬಿಟ್ಟರು.

"ಅಮ್ಮನ್ನ ಕೊಂದೋಳ ಹೆಸರು ಅಮ್ಮನ ಕೆಳಗೆ ಬಂದ್ರೆ ನಾನೂ ಈ ಮನೇಲಿ ಸಾಯ್ತೀನಿ," ಎಂದು ಸುಧೀಶ್ ಜಗಲಿಯಲ್ಲಿ ಕೂಗಾಡಿದ್ದನ್ನು ಬೀದಿಯೇ ಕೇಳಿತ್ತು. ಹೆಂಡತಿಯ ನಿಧನವಾರ್ತೆಯನ್ನು ಪೀತಾಂಬರನ್ ಸ್ವತಃ ಬರೆದರು. ಅಂದು ಅವರು ಅಡುಗೆಮನೆ ಬಾಗಿಲಿಗೆ ಹೋಗಲಿಲ್ಲ.

ಮರುವರ್ಷ ಅದೇ ದಿನ ಅವರು ಜೆಸ್ಸಿಯ ಮೇಜಿನ ಮುಂದೆ ನಿಂತು ಒಂದು ಕಾಗದ ಕೊಟ್ಟರು. ಎರಡೇ ಸಾಲಿನ ತಿದ್ದುಪಡಿ, ಕೆಳಗೆ ಸಹಿ.

"ಲತಿಕಳ ಹೆಸರು ಎರಡು ಸಲ ಬಿಟ್ಟೆ, ಮಗಳೇ. ಒಂದು ಸಲ ಅವಳನ್ನ ಕಾಪಾಡೋಕೆ. ಇನ್ನೊಂದು ಸಲ ನಾನು ಹೆದರಿ. ಮೊದಲನೇದಕ್ಕೆ ತಿದ್ದುಪಡಿ ಬೇಕಾಗಿಲ್ಲ."

ತಿದ್ದುಪಡಿ ವಾರದೊಳಗೆ ಬರಬೇಕೆಂದು ಡೆಸ್ಕಿನ ನಿಯಮ. ಅದನ್ನು ಅವರಿಗೆ ಹೇಳಲು ಜೆಸ್ಸಿಗೆ ಬಾಯಿ ಬರಲಿಲ್ಲ. "ಕಳಿಸ್ತೀನಿ ಪೀತಾಂಬರೇಟ್ಟ," ಎಂದು ಡ್ರಾಯರಿನಲ್ಲಿ ಇಟ್ಟಳು. ಕೇಳಿದಾಗೆಲ್ಲ "ಜಾಗ ಸಿಕ್ಕಿಲ್ಲ" ಎಂದಳು. ನಲವತ್ತು ವರ್ಷ ಆ ಪುಟ ತುಂಬಿಸಿದ ಮನುಷ್ಯನಿಗೆ ಎರಡು ಸಾಲಿನ ಜಾಗ ಸಿಗಲಿಲ್ಲವೆಂಬುದು ಸುಳ್ಳೆಂದು ಗೊತ್ತಾಗದೆ ಇರುತ್ತದೆಯೇ? ಆದರೂ ಪ್ರತಿ ವರ್ಷ ಹೊಸ ಕಾಗದ ತಂದರು.

*

"ಏನದು?" ಎಂದಳು ಲತಿಕ.

ಜೆಸ್ಸಿ ಚೀಲದಿಂದ ತೆಗೆದ ಕಾಗದ ಈ ವರ್ಷದ್ದು, ಇನ್ನೂ ಡ್ರಾಯರು ಸೇರದ್ದು. ಮೂರು ವಾರದ ಹಿಂದೆ ಪೀತಾಂಬರನ್ ಮೆಟ್ಟಿಲು ಹತ್ತಲಾಗದೆ ಅದನ್ನು ವರೀದನ ಅಂಗಡಿಯಲ್ಲಿ ಕೊಟ್ಟುಹೋಗಿದ್ದರು.

"ಇಂಥವು ಇನ್ನೂ ಇದಾವೆ, ಎಲ್ಲಾ ನನ್ನ ಹತ್ರಾನೇ. ಕಳಿಸ್ದೆ ಅಂತ ಸುಳ್ಳು ಹೇಳಿದ್ದು ನಾನು. ಬೈಯೋದಿದ್ರೆ ನನ್ನ ಬೈರಿ, ಅವರನ್ನಲ್ಲ."

ಲತಿಕ ಬೈಯಲಿಲ್ಲ. ಕಾಗದವನ್ನು ಬಿಡಿಸಿ ನೋಡಿದಳು. ಅಪ್ಪನ ಅಕ್ಷರ ಅದು, ಸಾಲು ಬಲಕ್ಕೆ ಹೋಗುತ್ತ ಮೇಲೇರುವ ಅಕ್ಷರ. ಕಾಗದವನ್ನು ಹಿಂದಕ್ಕೆ ಕೊಡುತ್ತ, "ಇದು ಬಂದ್ರೆ, ಅಪ್ಪನ ಕೆಳಗೂ ಹಾಕು," ಎಂದಳು. "ಇದು ಬರದಿದ್ರೆ ಅದೂ ಬೇಡ."

ಮುಂಬಾಗಿಲಿನಲ್ಲಿ ರಾಮನಾಮ ಜೋರಾಯಿತು. ಹೆಣ ಎತ್ತುತ್ತಿದ್ದರು.

ಜೆಸ್ಸಿ ರಸ್ತೆ ದಾಟಿ ಮೆಟ್ರೋ ಕಂಬಕ್ಕೆ ಒರಗಿ ಪುಟ ಕಟ್ಟುವ ಡೆಸ್ಕಿನ ಅಶ್ರಫ್‌ಗೆ ಫೋನ್ ಮಾಡಿದಳು. ನಾಲ್ಕು ಹತ್ತು.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದ ಅಶ್ರಫ್. "ಹನ್ನೊಂದು ವರ್ಷದ ಮೇಲೆ ತಿದ್ದುಪಡಿ? ನಾಳೆ ಮ್ಯಾನೇಜರ್ ನನ್ನ ಚರ್ಮ ಸುಲೀತಾನೆ."

"ವಾರದ ನಿಯಮ ಓದುಗರು ಕಳಿಸೋದಕ್ಕೆ, ಅಶ್ರಫ್ಕಾ. ಇಷ್ಟು ವರ್ಷ ಕೇಳೋ ಧೈರ್ಯ ನಂಗಿರಲಿಲ್ಲ. ಬರೆದ ವರದಿಗಾರನೇ ತಪ್ಪು ಅಂತ ಸಹಿ ಹಾಕಿ ಕೊಟ್ರೆ?"

"ಹಾಕಬೇಕು, ಆಗ ಹಾಕ್ಲೇಬೇಕು. ಯಾರು ಬರೆದಿದ್ದು ಅದನ್ನ?"

"ಪೀತಾಂಬರೇಟ್ಟ."

ಅಶ್ರಫ್‌ಗೂ ಮೊದಲ ಸಾವಿನ ಮನೆ ತೋರಿಸಿದವರು ಅವರೇ.

"ಕಾಗದದ ಫೋಟೋ ಕಳಿಸು," ಎಂದ ಅವನು. "ಬೇಗ. ಬರೆದೋರ ಹೆಸರಿಲ್ಲದೆ ಹೋಗುತ್ತೆ. ಯಾರಾದ್ರೂ ಕೇಳಿದ್ರೆ ನಿನ್ನ ಹೆಸರೇ ಹೇಳ್ತೀನಿ, ಈಗ್ಲೇ ಹೇಳಿರ್ತೀನಿ."

"ಹೇಳಿ."

ಅವಳು ಕಾಗದದ ಫೋಟೋ, ಲತಿಕಳ ಹೆಸರು ಸೇರಿಸಿದ ನಿಧನವಾರ್ತೆ ಎರಡನ್ನೂ ಕಳಿಸಿ ತಲೆಯೆತ್ತಿದಾಗ ಎದುರಿಗೆ ಸುಧೀಶ್ ನಿಂತಿದ್ದ. ಆಂಬುಲೆನ್ಸಿನ ಬಾಗಿಲು ತೆರೆದೇ ಇತ್ತು, ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು. ಕ್ರಿಯೆಯ ಸ್ನಾನದ ಒದ್ದೆ ಮೈ, ಹೆಗಲ ಮೇಲೆ ಒದ್ದೆ ಟವಲು.

"ಕಳಿಸಿದ್ಯಾ? ತೋರ್ಸು."

ಮುಚ್ಚಿಡಬಹುದಿತ್ತು. ಚೀಟಿಯ ಪ್ರಕಾರವೇ ಕಳಿಸಿದೆ ಎನ್ನಬಹುದಿತ್ತು, ಬೆಳಿಗ್ಗೆವರೆಗೆ ಬದುಕಬಹುದಿತ್ತು. ಇಷ್ಟು ವರ್ಷ ಹೇಳಿದ ಸುಳ್ಳೇ ಸಾಕೆನಿಸಿತು ಜೆಸ್ಸಿಗೆ. ಫೋನನ್ನು ಅವನ ಕೈಗೇ ಕೊಟ್ಟಳು.

ಅವನು ಓದಿದ. ಕತ್ತಿನ ನರ ಎದ್ದಿತು. "ನಿಂಗೆ ಎಷ್ಟು ಧೈರ್ಯ..."

"ನನ್ನದಲ್ಲ, ಚೇಟ್ಟ. ಕೆಳಗೆ ಸಹಿ ನೋಡಿ."

"ಅಪ್ಪ ಬರೆಯಲ್ಲ ಇದನ್ನ."

"ಹನ್ನೊಂದು ಸಲ ಬರೆದಿದಾರೆ. ಉಳಿದವೂ ಬೇಕಾ?"

ಅಂಗಡಿಯೊಳಗಿಂದ ವರೀದ, "ಸುಧೀ, ಅಪ್ಪ ಗಾಡೀಲಿ ಕಾಯ್ತಿದಾನೆ ಕಣೋ. ಮೊದಲು ಅವನನ್ನ ಕಳಿಸು, ಆಮೇಲೆ ಜಗಳ ಆಡು," ಎಂದ. ಹೆದರಿದ ದನಿಯಲ್ಲೇ ಹೇಳಿದ, ಆದರೆ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದ. ಸುಧೀಶ್ ಫೋನನ್ನು ಚಹಾದ ಬೆಂಚಿನ ಮೇಲೆ ಎಸೆದು ತಿರುಗಿದ. ಹೋಗುತ್ತಲೇ ತನ್ನ ಫೋನು ತೆಗೆದು ಕಿವಿಗಿಟ್ಟುಕೊಂಡ. ಮ್ಯಾನೇಜರಿಗೇ ಇರಬೇಕು. ಆ ಕಡೆ ಎತ್ತಲಿಲ್ಲವೇನೋ, ಮತ್ತೆ ಮತ್ತೆ ಒತ್ತುತ್ತಲೇ ಗಾಡಿ ಹತ್ತಿದ.

*

ಚಿತಾಗಾರದಲ್ಲಿ ಹೆಂಗಸರು ಬೇವಿನ ಮರದಡಿ ನಿಂತರು. ಲತಿಕ ಅವರಿಂದಲೂ ಸ್ವಲ್ಪ ದೂರ ನಿಂತಳು. ಒಳಗೆ ಗ್ಯಾಸಿನ ಒಲೆಯ ಕಬ್ಬಿಣದ ಬಾಗಿಲು ಮುಚ್ಚಿದ ಸದ್ದು ಕೇಳಿತು. ಸುಧೀಶ್ ಹೊರಗೆ ಬಂದು ನಲ್ಲಿಯ ಹತ್ತಿರ ಮತ್ತೆ ಫೋನಿನಲ್ಲಿ ಮಾತಾಡುತ್ತಿದ್ದ. "ಪೇಜ್ ಹೋಗೋಯ್ತು ಅಂದ್ರೆ ಏನ್ರೀ ಅರ್ಥ? ವಾಪಸ್ ತರಿಸ್ರಿ," ಎಂಬ ಮಾತು ಅಲ್ಲಿದ್ದವರಿಗೆಲ್ಲ ಕೇಳಿಸಿತು. ಒಮ್ಮೆ ಜೆಸ್ಸಿಯ ಕಡೆ ಬೆರಳು ತೋರಿಸಿದ. ಮುಂದಿನ ತಿಂಗಳು ಏನೆಂದು ಅವಳಿಗೆ ಗೊತ್ತಿರಲಿಲ್ಲ.

ಐದೂ ಹತ್ತಕ್ಕೆ ಅಶ್ರಫ್ ಪುಟದ ಚಿತ್ರ ಕಳಿಸಿದ. ಜೆಸ್ಸಿ ಫೋನನ್ನು ಲತಿಕಳಿಗೆ ಕೊಟ್ಟಳು.

ಪುಟದ ಮೇಲೆ ಪೀತಾಂಬರನ್ ಅವರ ಮುಖ, ಕೆಳಗೆ "ಮಕ್ಕಳು: ಲತಿಕ, ಸುಧೀಶ್." ಲತಿಕ ಅಲ್ಲಿ ನಿಲ್ಲಲಿಲ್ಲ. ಪುಟದ ತುದಿಗೆ, ಯಾರೂ ಓದದ ಮೂಲೆಗೆ ಸರಿಸಿದಳು. ಅಲ್ಲಿ ಗೆರೆ ಹಾಕಿದ ಪುಟ್ಟ ಚೌಕದೊಳಗೆ ಎರಡು ಸಾಲು: "ತಿದ್ದುಪಡಿ: ಹನ್ನೊಂದು ವರ್ಷಗಳ ಹಿಂದೆ ಜನವರಿ 9ರಂದು ಪ್ರಕಟವಾದ ನಿಧನವಾರ್ತೆಯಲ್ಲಿ ತಂಗಮಣಿ, ಲತಿಕ ಇವರು ತಾಯಿ ಮಗಳೆಂಬುದು ಬಿಟ್ಟುಹೋಗಿತ್ತು. ತಪ್ಪು ವರದಿಗಾರನದು."

ಎರಡು ಬೆರಳಿಟ್ಟು ಅವಳು ಅಕ್ಷರಗಳನ್ನು ಹಿಗ್ಗಿಸಿದಳು. ಚೌಕದ ಗೆರೆ ಪರದೆಯಿಂದಾಚೆ ಹೋಯಿತು, ತಾರೀಕು ಹೋಯಿತು, ತಪ್ಪೂ ಹೋಯಿತು. ಕೊನೆಗೆ ಎರಡೇ ಹೆಸರು ಉಳಿದವು, ಅಕ್ಕಪಕ್ಕ. ಪರದೆ ಮಂಕಾಗತೊಡಗಿದಾಗಲೆಲ್ಲ ಅವಳು ಬೆರಳು ತಾಕಿಸಿ ಅದನ್ನು ಮತ್ತೆ ಬೆಳಗಿಸುತ್ತಿದ್ದಳು.