ಸಾಬೂನಮ್ಮನ ಮೂಳೆ

ಬೀದಿಯವರು ಅವಳಿಗಿಟ್ಟ ಹೆಸರು ಸಾಬೂನಮ್ಮ. ಮೊಸರಲ್ಲಿ ಕಲ್ಲು ಹುಡುಕುವವರಿಗೂ ಅವಳು ಒಗೆದ ಬಟ್ಟೆಯಲ್ಲಿ ಒಂದು ಕಲೆ ಸಿಗುತ್ತಿರಲಿಲ್ಲ. ಇಂಥವಳ ಮಗಳು ಪ್ರಯೋಗಾಲಯದಲ್ಲಿ ಯಂತ್ರ ಕಟ್ಟಿದ್ದಾಳೆಂದರೆ ಕೇಳಬೇಕೆ? ತರಕಾರಿ ಅಂಗಡಿಯಿಂದ ಬಸ್ ನಿಲ್ದಾಣದವರೆಗೆ ಡಂಗುರ ಸಾರಿಯಾಗಿತ್ತು.

ಯಂತ್ರವೇನೋ ಹಳೇ ಹೊಲಿಗೆ ಮೆಷಿನ್ನಿಗೆ ಹಾಲಿನ ಕ್ಯಾನು ಕಟ್ಟಿದ ಹಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಸಾಬೂನಮ್ಮನ ಕಣ್ಣಿಗೆ ಅದು ಚೆಂದವಾಗಿಯೇ ಕಂಡಿತು. ಬದುಕಿರುವವರ ಮೂಳೆಯಲ್ಲಿ ಸೀಸ ಎಷ್ಟಿದೆಯೆಂದು ಅದು ಅಳೆಯುತ್ತಿತ್ತು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಮೊಣಕಾಲಿನ ಕೆಳಗಿನ ಮೂಳೆಗೆ ಸಣ್ಣ ಕಿರಣ ಬಿಟ್ಟರೆ ಒಳಗಿನ ಸೀಸ ತನ್ನದೇ ಎಕ್ಸ್-ರೇ ಹೊರಸೂಸುತ್ತದೆ. ಸೀಸ ಹೆಚ್ಚಿದ್ದಷ್ಟೂ ಪರದೆಯ ಮೇಲಿನ ಗೆರೆ ಗುಡ್ಡವಾಗಿ ಏಳುತ್ತದೆ.

ಸಾಬೂನಮ್ಮನ ಗಂಡ ಬ್ಯಾಟರಿ ಕಾರ್ಖಾನೆಯಲ್ಲಿ ಸೀಸ ಕರಗಿಸುತ್ತಿದ್ದವನು. ಕೆಲಸ ಬಿಟ್ಟು ಎಷ್ಟೋ ವರ್ಷಗಳ ಮೇಲೆ ಕೈ ನಡುಗಿ, ಮೂತ್ರಪಿಂಡ ಕೆಟ್ಟು ತೀರಿಕೊಂಡ. ರಕ್ತದಲ್ಲಿ ಸೀಸವೇ ಇಲ್ಲವಲ್ಲ ಎಂದು ಕಾರ್ಖಾನೆಯವರು ಕೈ ತೊಳೆದುಕೊಂಡರು. ರಕ್ತದಿಂದ ಕೆಲವು ತಿಂಗಳಲ್ಲಿ ಇಳಿದುಹೋಗುವ ಸೀಸ ಮೂಳೆಯಲ್ಲಿ ದಶಕಗಟ್ಟಲೆ ಕೂತಿರುತ್ತದೆಂದು ಮಗಳು ಓದಿ ತಿಳಿದಳು, ಆ ಸಿಟ್ಟಿನಲ್ಲೇ ಯಂತ್ರ ಕಟ್ಟಿದಳು. ಇವತ್ತು ಪ್ರಯೋಗಾಲಯದ ಮುಖ್ಯಸ್ಥರು ಒಪ್ಪಿದರೆ ಉಳಿದ ಕೆಲಸಗಾರರನ್ನು ಅಳೆಯಬಹುದು. ಒಪ್ಪದಿದ್ದರೆ ಯಂತ್ರ ಗುಜರಿಗೆ.

ಸೀಸವಿಲ್ಲದಿದ್ದರೆ ಗೆರೆ ಏಳದೆಂದು ತೋರಿಸಲು ಸೀಸ ಸೋಕದ ಕಾಲೊಂದು ಬೇಕಿತ್ತು. ಕಾರ್ಖಾನೆಯ ಗೇಟನ್ನೇ ದಾಟದ, ಇಷ್ಟು ಶುಚಿಯಾದ ಹೆಂಗಸು ಇನ್ನಾರಿದ್ದಾರೆ? ಮಗಳು ಅಮ್ಮನನ್ನೇ ಕರೆತಂದು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಪಟ್ಟಿಯಿಂದ ಬಿಗಿದಳು. ನಾಲಿಗೆಗೆ ಪಟ್ಟಿ ಕಟ್ಟಿರಲಿಲ್ಲವಾದ್ದರಿಂದ ಮಗಳು ಒಂದನೇ ತರಗತಿಯಲ್ಲಿ ಗೆದ್ದ ಬಹುಮಾನದಿಂದ ಹಿಡಿದು ಎಲ್ಲವನ್ನೂ ಮುಖ್ಯಸ್ಥರು ಕೇಳಬೇಕಾಯಿತು.

ಅಷ್ಟರಲ್ಲಿ ಗೆರೆ ಎದ್ದಿತು. ಗುಡ್ಡವಾಯಿತು, ಇನ್ನೂ ಏರಿತು. ಪರೀಕ್ಷೆಯ ಅಂಕದಂತೆ ಇದೂ ಹೆಚ್ಚಿದ್ದಷ್ಟು ಒಳ್ಳೆಯದೆಂದುಕೊಂಡ ಸಾಬೂನಮ್ಮ ನಕ್ಕಳು. ಮಗಳ ಮುಖ ಬಿಳುಚಿದ್ದು ಕಂಡ ಮೇಲೆ ಬಗ್ಗಿ ಸೆರಗಿನಿಂದ ಕಾಲು ಒರೆಸಿಕೊಂಡಳು.

ಮಗಳು ಪ್ಲಾಸ್ಟರಿನಲ್ಲಿ ಮಾಡಿದ ಕಾಲುಗಳನ್ನು ತಂದಿಟ್ಟು ಅಳೆದಳು. ಸೀಸ ಬೆರೆಸದ ಕಾಲಿಗೆ ಗೆರೆ ಏಳಲಿಲ್ಲ; ಬೆರೆಸಿದ್ದಕ್ಕೆ ಬೆರೆಸಿದಷ್ಟೇ ಎದ್ದಿತು. ಮುಖ್ಯಸ್ಥರು ಕೆಟ್ಟವರಲ್ಲ. ಏನೋ ಎಡವಟ್ಟಾಗಿದೆ, ಈ ಅಳತೆ ಬಿಟ್ಟುಬಿಡೋಣ, ನಾಳೆ ಬೇರೆ ಯಾರನ್ನಾದರೂ ಕೂರಿಸು ಎಂದರು. ಮಗಳು ಅಮ್ಮನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಪಟ್ಟಿ ಬಿಚ್ಚಿದಳು.

"ಅಮ್ಮ, ಅಪ್ಪನ ಬಟ್ಟೆ ಹೇಗೆ ಒಗೀತಿದ್ದೆ?"

"ಹೇಗೆ ಅಂದ್ರೆ? ಮೊದ್ಲು ಚೆನ್ನಾಗಿ ಕೊಡವೋದು. ಧೂಳೆಲ್ಲ ಉದುರಿದ್ಮೇಲೆ ನೆನೆಸಿ..."

ಬಚ್ಚಲ ತುಂಬ ಹಾರುತ್ತಿದ್ದ ಬೂದು ಧೂಳು, ರೆಪ್ಪೆಯ ಮೇಲೆ ಕೂರುತ್ತಿದ್ದದ್ದು, ನಾಲಿಗೆಗೆ ಸಿಹಿಯಾಗಿ ತಗಲುತ್ತಿದ್ದದ್ದು ಎಲ್ಲ ಸಾಬೂನಮ್ಮನಿಗೆ ನೆನಪಾಯಿತು. ಮದುವೆಯಾದಾಗಿನಿಂದ ದಿನಾ ಸಂಜೆ ಕೊಡವಿದ್ದಳು. ಭಯವಾಯಿತು, ಸುಳ್ಳೇಕೆ? ಆದರೆ ಕೆಳಗೆ ಅವಳ ಪಾದ ಹಿಡಿದು ಅಳುತ್ತಿದ್ದವಳು ಆ ಗುಡ್ಡವನ್ನು ಕಂಡುಹಿಡಿದವಳು. ಯಾವ ಡಾಕ್ಟರಿಗೂ ಕಾಣದ್ದು ಅವಳ ಹೆಗ್ಗಣಕ್ಕೆ ಕಂಡಿತ್ತು. ಭಯವನ್ನು ಪಕ್ಕಕ್ಕೆ ಸರಿಸಿ ಹೆಮ್ಮೆ ಎದ್ದು ನಿಂತಿತು.

"ಅದನ್ನ ಬಿಡ್ಬೇಡಿ ಸಾರ್," ಎಂದಳು. "ಆ ಸೀಸ ನನ್ನದೇ. ನನ್ನ ಮಗಳ ಯಂತ್ರ ಸರಿಯಾಗೇ ಹೇಳಿದೆ."

ಮುಖ್ಯಸ್ಥರು ಪ್ಲಾಸ್ಟರ್ ಕಾಲುಗಳ ಅಳತೆಯನ್ನು ಮತ್ತೊಮ್ಮೆ ನೋಡಿದರು. ಒಪ್ಪಿ ರುಜು ಹಾಕಿದರು.

ಕೆಲಸಗಾರರನ್ನು ಅಳೆಯಬೇಕೆಂದು ಎಲ್ಲರೂ ಯೋಚಿಸಿದ್ದರು; ಅವರ ಹೆಂಡಂದಿರ ಯೋಚನೆ ಯಾರಿಗೂ ಬಂದಿರಲಿಲ್ಲ. ಮುಂದಿನ ವಾರ ಸಾಬೂನಮ್ಮ, ಗಂಡಂದಿರು ಆ ಕಾರ್ಖಾನೆಯಲ್ಲಿ ದುಡಿದ ಬೀದಿಯ ಹೆಂಗಸರನ್ನೆಲ್ಲ ಬಸ್ಸು ಹತ್ತಿಸಿಕೊಂಡು ಬಂದು ಪ್ರಯೋಗಾಲಯದ ಬೆಂಚಿನ ಮೇಲೆ ಸಾಲಾಗಿ ಕೂರಿಸಿದಳು. ಮೊದಲು ಕುರ್ಚಿ ಹತ್ತಿದ್ದು ಕಾರ್ಖಾನೆಯ ಕುಲುಮೆಯವನ ಹೆಂಡತಿ. ತನ್ನ ಮೂಳೆಯಲ್ಲೂ ಇದ್ದುಬಿಟ್ಟರೆ ಏನಕ್ಕಾ ಗತಿ ಎಂದು ಅವಳು ಕೇಳಿದಳು.

ಸಾಬೂನಮ್ಮ ಅವಳ ಕೈ ಹಿಡಿದುಕೊಂಡಳು.

"ಇದ್ರೆ ಇರುತ್ತೆ ಕಣೆ. ಇಷ್ಟು ವರ್ಷ ಇಲ್ಲ ಇಲ್ಲ ಅಂದೋರ ಮುಂದೆ ಇದೆ ಅಂತ ಹೇಳೋಕೆ ಈಗ ನನ್ನ ಮಗಳಿದಾಳೆ."